ಉತ್ತರ ಬಾರದ ಸಂದೇಶ

ಒಂದು ವ್ಯವಹಾರ ಒಂದೇ ಡೇಟಾಬೇಸಿನೊಳಗೆ ಮುಗಿಯುವ ತನಕ ಅದನ್ನು ಸರಿಯಾಗಿ ನಡೆಸುವುದು ಕಷ್ಟವಲ್ಲ. ಒಂದು ಖಾತೆಯಿಂದ ಹಣ ಕಳೆಯುವುದೂ ಇನ್ನೊಂದಕ್ಕೆ ಕೂಡುವುದೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ನಡೆಯುತ್ತವೆ. ನಡುವೆ ಸರ್ವರ್ ಕುಸಿದರೂ ಎರಡೂ ಆಗಿರುತ್ತವೆ, ಇಲ್ಲವೇ ಎರಡೂ ಆಗಿರುವುದಿಲ್ಲ. ಆದರೆ ಆ ಖಾತೆಗಳು ಬೇರೆ ಬೇರೆ ಬ್ಯಾಂಕುಗಳಲ್ಲಿದ್ದರೆ ಈ ಭರವಸೆ ಇರುವುದಿಲ್ಲ. ಪ್ರತಿ ಬ್ಯಾಂಕಿಗೂ ತನ್ನದೇ ಲೆಡ್ಜರ್, ತನ್ನದೇ ಸರ್ವರ್, ತನ್ನದೇ ನಿಯಮ. ಆರ್ಡರ್ ಪಡೆಯುವ ಅಂಗಡಿ, ದಾಸ್ತಾನು ನೋಡುವ ಗೋದಾಮು, ಹಣ ತೆಗೆದುಕೊಳ್ಳುವ ಪೇಮೆಂಟ್ ಸಂಸ್ಥೆ, ಸರಕು ಒಯ್ಯುವ ಕೊರಿಯರ್ ಒಂದಾಗಿ ಮಾಡುವ ಕೆಲಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇವರ ನಡುವೆ ಓಡಾಡುವುದು ಸಂದೇಶಗಳು ಮಾತ್ರ, ಇಡೀ ವ್ಯವಹಾರ ಹೊಂದಿಕೊಳ್ಳಬೇಕಾದದ್ದು ಅವುಗಳ ಮೂಲಕವೇ.

ಸಂದೇಶ ಕಳುಹಿಸಿದವರಿಗೆ ಮೂರು ಬಗೆಯ ಫಲ ಸಿಗಬಹುದು: ಆಯಿತು ಎಂಬ ಉತ್ತರ, ಆಗದು ಎಂಬ ಉತ್ತರ, ಅಥವಾ ಮೌನ. ಈ ಕೆಲಸ ಕಲಿಸುವ ಪಾಠಗಳಲ್ಲಿ ಬಹುಪಾಲು ಮೂರನೆಯದಕ್ಕೆ ಸೇರಿವೆ. ನಿಗದಿತ ಹೊತ್ತಿನೊಳಗೆ ಉತ್ತರ ಬಾರದೆ ಟೈಮೌಟ್ ಆದುದನ್ನೆಲ್ಲ ‘ವಿಫಲ’ ಎಂದು ಬರೆದುಕೊಳ್ಳುವ ಪ್ರೋಗ್ರಾಮುಗಳು ಹೇರಳವಾಗಿವೆ, ಅತಿ ಹೆಚ್ಚು ಹಾನಿ ಆಗುವುದೂ ಅಲ್ಲೇ. ಕೋರಿಕೆ ಹೋಗುವ ದಾರಿಯಲ್ಲಿ ಕಳೆದಿರಬಹುದು. ತಲುಪಿ, ಕೆಲಸ ಮುಗಿದು, ಉತ್ತರ ಮಾತ್ರ ಕಳೆದಿರಬಹುದು. ಕೆಲಸ ಇನ್ನೂ ನಡೆಯುತ್ತಲೇ ಇರಬಹುದು. ಕಳುಹಿಸಿದವರಿಗೆ ಈ ಮೂರೂ ಒಂದೇ ರೀತಿ ಕಾಣುತ್ತವೆ. ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1978ರ ತಮ್ಮ ಬರಹದಲ್ಲಿ ‘ಇಬ್ಬರು ಸೇನಾಪತಿಗಳ ಸಮಸ್ಯೆ’ ಎಂದು ಕರೆದದ್ದು ಇದನ್ನೇ. ಸಂದೇಶ ಕಳೆದುಹೋಗುವ ಸಾಧ್ಯತೆ ಇರುವಲ್ಲಿ, ಎಷ್ಟೇ ಸ್ವೀಕೃತಿಗಳನ್ನು ವಿನಿಮಯ ಮಾಡಿಕೊಂಡರೂ ಎರಡು ಕಡೆಯವರು ಒಂದೇ ನಿರ್ಧಾರಕ್ಕೆ ಬಂದಿದ್ದಾರೆ ಎಂಬ ಪೂರ್ಣ ಖಾತರಿ ಸಿಗುವುದಿಲ್ಲ. ಯಾವ ಹೊಸ ತಂತ್ರಾಂಶ ಬಂದರೂ ಈ ಮಿತಿ ಹೋಗುವುದಿಲ್ಲ. ಆದ್ದರಿಂದ ‘ಗೊತ್ತಿಲ್ಲ’ ಎಂಬುದನ್ನೂ ವ್ಯವಹಾರದ ಒಂದು ಅಧಿಕೃತ ಸ್ಥಿತಿಯಾಗಿ ಡೇಟಾಬೇಸಿನಲ್ಲಿ ಬರೆದುಕೊಳ್ಳಬೇಕಾಗುತ್ತದೆ.

ಇದೇ ಬರಹದಲ್ಲಿ ಗ್ರೇ ವಿವರಿಸಿದ ಎರಡು ಹಂತದ ಕಮಿಟ್ ಪದ್ಧತಿ ಒಂದು ಪರಿಹಾರದಂತೆ ಕಾಣುತ್ತದೆ. ಒಬ್ಬ ಸಂಯೋಜಕ ಮೊದಲು ಎಲ್ಲರನ್ನೂ ಸಿದ್ಧರೇ ಎಂದು ಕೇಳುತ್ತಾನೆ, ಎಲ್ಲರೂ ಹೌದೆಂದ ಮೇಲೆ ಮುಗಿಸಿ ಎನ್ನುತ್ತಾನೆ. ಸಿದ್ಧ ಎಂದವರು ಮುಂದಿನ ಮಾತು ಬರುವ ತನಕ ತಮ್ಮ ದಾಖಲೆಗೆ ಬೀಗ ಹಾಕಿಕೊಂಡು ಕಾಯಬೇಕು. ಒಂದೇ ಸಂಸ್ಥೆಯೊಳಗೆ ಇದು ನಡೆಯುತ್ತದೆ. ಆದರೆ ಹೊರಗಿನ ಯಾರದೋ ಸರ್ವರ್ ಎದ್ದು ಬರುವ ತನಕ ತನ್ನ ಗ್ರಾಹಕರ ಖಾತೆಯನ್ನು ಮುಚ್ಚಿಡಲು ಯಾವ ಬ್ಯಾಂಕೂ ಒಪ್ಪುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆಯನ್ನು ದಿನನಿತ್ಯ ಅತಿ ದೊಡ್ಡ ಪ್ರಮಾಣದಲ್ಲಿ ಎದುರಿಸುತ್ತಿರುವುದು ಯುಪಿಐ. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ 2016ರ ಏಪ್ರಿಲ್‌ನಲ್ಲಿ ಹೊರತಂದ ಈ ವ್ಯವಸ್ಥೆಯಲ್ಲಿ, ತರಕಾರಿ ಅಂಗಡಿಯ ಕ್ಯೂಆರ್ ಕೋಡಿಗೆ 40 ರೂಪಾಯಿ ಕಳುಹಿಸಿದರೂ ಒಳಗೆ ಹಲವು ಸಂದೇಶಗಳು ಓಡಾಡುತ್ತವೆ. ಕೊಡುವವರ ಆ್ಯಪ್‌ನಿಂದ ಪಾವತಿಯ ಕೋರಿಕೆ ಕೇಂದ್ರ ಸ್ವಿಚ್ಚಿಗೆ ಹೋಗುತ್ತದೆ. ಪಡೆಯುವವರ ವಿವರವನ್ನು ಸ್ವಿಚ್ ಅವರ ಕಡೆಯ ಸೇವೆಯಿಂದ ಕೇಳಿ ಪಡೆಯುತ್ತದೆ. ನಂತರ ಕೊಡುವವರ ಬ್ಯಾಂಕಿಗೆ ‘ಕಳೆಯಿರಿ’ ಎಂಬ ಸಂದೇಶ, ಅದಕ್ಕೆ ಒಪ್ಪಿಗೆ ಬಂದ ಮೇಲೆ ಪಡೆಯುವವರ ಬ್ಯಾಂಕಿಗೆ ‘ಕೂಡಿರಿ’ ಎಂಬ ಸಂದೇಶ. ಎರಡೂ ಕಡೆಗೆ ಫಲಿತಾಂಶ ತಿಳಿಸುವುದು ಕೊನೆಯಲ್ಲಿ. ಪ್ರತಿ ಸಂದೇಶಕ್ಕೂ ‘ತಲುಪಿತು’ ಎಂಬ ಸ್ವೀಕೃತಿ ಕೂಡಲೇ ಬರುತ್ತದೆ. ಫಲಿತಾಂಶ ಆಮೇಲೆ ಬೇರೆಯೇ ಸಂದೇಶವಾಗಿ ಬರುತ್ತದೆ.

ಈ ಕ್ರಮದಲ್ಲಿ ಎರಡು ತೀರ್ಮಾನಗಳು ಅಡಗಿವೆ. ಕಳೆಯುವುದು ಮೊದಲು, ಕೂಡುವುದು ಆಮೇಲೆ ಎಂಬುದು ಒಂದು. ಕಳೆದ ಹಣವನ್ನು ವಾಪಸು ಕೊಟ್ಟರೆ ಗ್ರಾಹಕರು ಸಂತೋಷವಾಗಿಯೇ ಸ್ವೀಕರಿಸುತ್ತಾರೆ. ತಪ್ಪಾಗಿ ಕೂಡಿದ ಹಣವನ್ನು ವಾಪಸು ಪಡೆಯಲು ಹೋದರೆ ಅಷ್ಟರಲ್ಲಿ ಅದು ಖರ್ಚಾಗಿರಬಹುದು. ಹಿಂತೆಗೆಯಲು ಸುಲಭವಾದ ಹೆಜ್ಜೆ ಮೊದಲು, ಹಿಂತೆಗೆಯಲಾಗದ ಹೆಜ್ಜೆ ಕೊನೆಗೆ ಎಂಬ ಕ್ರಮ ಪಾವತಿಗೆ ಮಾತ್ರವಲ್ಲ, ಎಲ್ಲ ವ್ಯವಹಾರ ಪ್ರಕ್ರಿಯೆಗಳಿಗೂ ಸಲ್ಲುತ್ತದೆ. ಕೊರಿಯರ್ ಬುಕ್ ಮಾಡುವುದು, ಗ್ರಾಹಕರಿಗೆ ಎಸ್‌ಎಂಎಸ್ ಕಳುಹಿಸುವುದು ಕೊನೆಗೇ ಬರಬೇಕು. ಹೋದ ಎಸ್‌ಎಂಎಸ್ ಅನ್ನು ಯಾರೂ ಹಿಂದಕ್ಕೆ ಕರೆಯಲಾರರು.

ಎರಡನೆಯದು, ಕೂಡುವ ಹೆಜ್ಜೆಯಲ್ಲಿ ಬರುವ ಮೌನಕ್ಕೆ ಕೊಟ್ಟ ಅರ್ಥ. ಪಡೆಯುವವರ ಬ್ಯಾಂಕು ‘ಆಗದು’ ಎಂದರೆ, ಕಳೆದ ಹಣವನ್ನು ಹಿಂದಿರುಗಿಸುವ ಸಂದೇಶ ಕೊಡುವವರ ಬ್ಯಾಂಕಿಗೆ ಹೋಗುತ್ತದೆ. ಉತ್ತರವೇ ಬಾರದಿದ್ದರೆ ಕೂಡಲೇ ಹಿಂದಿರುಗಿಸುವಂತಿಲ್ಲ. ಹಣ ಆ ಕಡೆ ಸೇರಿಯೂ ಇರಬಹುದು, ಹಾಗಿದ್ದರೆ ಒಂದೇ ಹಣ ಎರಡು ಕಡೆ ಜಮೆಯಾಗುತ್ತದೆ. ಅಂಥ ವ್ಯವಹಾರಕ್ಕೆ ‘ಡೀಮ್ಡ್’ ಎಂಬ ಪ್ರತ್ಯೇಕ ಸ್ಥಿತಿ ಕೊಟ್ಟು, ಸ್ಥಿತಿ ವಿಚಾರಿಸುವ ಸಂದೇಶಗಳ ಮೂಲಕವೂ ಲೆಕ್ಕ ತಾಳೆ ನೋಡುವ ಮೂಲಕವೂ ನಂತರ ಇತ್ಯರ್ಥ ಮಾಡಲಾಗುತ್ತದೆ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಇದಕ್ಕೆ ಗಡುವನ್ನೂ ವಿಧಿಸಿತು. ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐ ವರ್ಗಾವಣೆಯಲ್ಲಿ ಹಣ ಕಳೆದು, ಆ ಕಡೆ ಸೇರಿಸಲಾಗದೆ ಹೋದರೆ ಮರುದಿನದೊಳಗೆ ತಾನಾಗಿ ವಾಪಸಾಗಬೇಕು. ಅಂಗಡಿಗೆ ಪಾವತಿಯ ಖಚಿತತೆ ತಲುಪದಿದ್ದರೆ 5 ದಿನದೊಳಗೆ ವಾಪಸಾಗಬೇಕು. ತಡವಾದರೆ ಗ್ರಾಹಕರಿಗೆ ದಿನಕ್ಕೆ 100 ರೂಪಾಯಿ ಪರಿಹಾರ. ಒಂದು ತಾಂತ್ರಿಕ ಟೈಮೌಟಿಗೆ ಹೊಣೆ, ಗಡುವು, ದಂಡ ಮೂರನ್ನೂ ಹೀಗೆ ನಿಗದಿ ಮಾಡಿದ್ದು ಬಹಳ ಒಳ್ಳೆಯ ಕೆಲಸ. ಹೆಚ್ಚಿನ ಕಂಪನಿಗಳ ಒಳಗಿನ ಪ್ರಕ್ರಿಯೆಗಳಲ್ಲಿ ಈ ಸ್ಪಷ್ಟತೆ ಕಾಣಸಿಗುವುದಿಲ್ಲ.

ಮೌನ ಬಂದಾಗ ಮತ್ತೆ ಕಳುಹಿಸುವುದು ಸಹಜ. ಮತ್ತೆ ಕಳುಹಿಸಿದ್ದು ಎರಡನೇ ವ್ಯವಹಾರ ಆಗಬಾರದು ಎಂದರೆ ಪ್ರತಿ ಸಂದೇಶಕ್ಕೂ ಗುರುತಿನ ಸಂಖ್ಯೆ ಬೇಕು. ಅದನ್ನು ಯಾರು, ಯಾವಾಗ ಹುಟ್ಟಿಸುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸಂಖ್ಯೆಯನ್ನು ಕಳುಹಿಸುವವರೇ, ಮೊದಲ ಸಲ ಕಳುಹಿಸುವ ಮುನ್ನವೇ ಹುಟ್ಟಿಸಿ ಬರೆದಿಟ್ಟುಕೊಳ್ಳಬೇಕು. ಈ ಲೇಖಕ ಹತ್ತಿರದಿಂದ ನೋಡಿದ ಪಾವತಿ ವ್ಯವಸ್ಥೆಗಳಲ್ಲಿ, ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋದ ಪ್ರಕರಣಗಳ ಮೂಲ ಮತ್ತೆ ಮತ್ತೆ ಒಂದೇ ಆಗಿತ್ತು: ‘ಮತ್ತೆ ಪ್ರಯತ್ನಿಸಿ’ ಗುಂಡಿ ಒತ್ತಿದಾಗಲೆಲ್ಲ ಹೊಸ ಸಂಖ್ಯೆ ಹುಟ್ಟುತ್ತಿತ್ತು. ಪಡೆಯುವವರ ದೃಷ್ಟಿಯಲ್ಲಿ ಅವು ಎರಡು ಬೇರೆ ಬೇರೆ ಪಾವತಿಗಳು. ಅವರು ಎರಡನ್ನೂ ಸರಿಯಾಗಿಯೇ ನಡೆಸಿದ್ದರು.

ಪಡೆಯುವವರ ಕಡೆಯಲ್ಲೂ ಒಂದು ಶಿಸ್ತು ಬೇಕು. ‘ಈ ಸಂಖ್ಯೆ ನೋಡಿದ್ದೇನೆ’ ಎಂಬ ದಾಖಲೆ ಮತ್ತು ಆ ಸಂದೇಶ ಹೇಳಿದ ಕೆಲಸ ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್ನಿನಲ್ಲಿ ಸೇರಬೇಕು. ದಾಖಲೆ ಮೊದಲಾಗಿ ಕೆಲಸ ನಿಂತರೆ ಆ ಕೆಲಸ ಎಂದೂ ಆಗುವುದಿಲ್ಲ. ಕೆಲಸ ಮೊದಲಾಗಿ ದಾಖಲೆ ನಿಂತರೆ ಅದು ಎರಡು ಸಲ ಆಗುತ್ತದೆ. ಎರಡನೇ ಸಲ ಬಂದ ಸಂದೇಶಕ್ಕೆ ‘ನಕಲು’ ಎಂಬ ದೋಷ ಕೊಡದೆ, ಮೊದಲ ಸಲ ಕೊಟ್ಟ ಉತ್ತರವನ್ನೇ ಕೊಡಬೇಕು. ಕೇಳಿದವರಿಗೆ ಬೇಕಾಗಿರುವುದು ಆ ಉತ್ತರವೇ. ಈ ಜವಾಬ್ದಾರಿಯನ್ನು ಸಂದೇಶಗಳನ್ನು ಸಾಲಿನಲ್ಲಿಟ್ಟು ತಲುಪಿಸುವ ಕ್ಯೂ ತಂತ್ರಾಂಶದ ಹೆಗಲಿಗೆ ಹಾಕುವಂತಿಲ್ಲ. ಅಮೆಜಾನಿನ ಎಸ್‌ಕ್ಯೂಎಸ್ ಫೈಫೋ ಕ್ಯೂ ನಕಲನ್ನು ಗುರುತಿಸುವುದು 5 ನಿಮಿಷದ ಅವಧಿಯಲ್ಲಿ ಮಾತ್ರ. ಇಂಥದೇ ಇನ್ನೊಂದು ತಂತ್ರಾಂಶ ಕಾಫ್ಕಾ 2017ರಲ್ಲಿ ತಂದ ‘ಎಕ್ಸಾಕ್ಟ್ಲಿ ಒನ್ಸ್’ (ಸರಿಯಾಗಿ ಒಂದೇ ಸಲ) ಸೌಲಭ್ಯ ಕಾಫ್ಕಾದಿಂದ ಓದಿ ಕಾಫ್ಕಾಕ್ಕೇ ಬರೆಯುವ ಕೆಲಸಕ್ಕೆ ಸಲ್ಲುತ್ತದೆ, ಹೊರಗಿನ ಬ್ಯಾಂಕಿಗೆ ಹೋದ ಕೋರಿಕೆಗೆ ಸಲ್ಲುವುದಿಲ್ಲ.

ಕಳುಹಿಸುವ ಕಡೆಯಲ್ಲಿಯೂ ಇಂಥದೇ ಬಿರುಕು ಇದೆ. ಆರ್ಡರನ್ನು ಡೇಟಾಬೇಸಿಗೆ ಬರೆದು, ಗೋದಾಮಿಗೆ ಸಂದೇಶ ಕಳುಹಿಸುವ ಮೊದಲೇ ಪ್ರೋಗ್ರಾಮು ನಿಂತರೆ ಗ್ರಾಹಕರ ಬಳಿ ಆರ್ಡರ್ ಸಂಖ್ಯೆ ಇರುತ್ತದೆ, ಗೋದಾಮಿಗೆ ಸುದ್ದಿಯೇ ಇರುವುದಿಲ್ಲ. ಇದಕ್ಕೆ ಬಳಕೆಯಲ್ಲಿರುವ ಉಪಾಯ ‘ಔಟ್‌ಬಾಕ್ಸ್’. ಕಳುಹಿಸಬೇಕಾದ ಸಂದೇಶವನ್ನೂ ಆರ್ಡರಿನ ಜೊತೆಗೇ ಅದೇ ಡೇಟಾಬೇಸಿನ ಒಂದು ಕೋಷ್ಟಕಕ್ಕೆ ಬರೆಯುವುದು, ಬೇರೊಂದು ಪುಟ್ಟ ಪ್ರೋಗ್ರಾಮು ಅದನ್ನು ಓದಿ ರವಾನಿಸುವುದು. ರವಾನೆ ಕೆಲವೊಮ್ಮೆ ಎರಡು ಸಲ ಆಗುತ್ತದೆ. ಪಡೆಯುವವರು ಗುರುತಿನ ಸಂಖ್ಯೆ ನೋಡುತ್ತಿರುವುದರಿಂದ ತೊಂದರೆಯಿಲ್ಲ.

ಹೆಜ್ಜೆಗಳ ಕ್ರಮವನ್ನು ಯಾರು ಹಿಡಿದಿರಬೇಕು ಎಂಬ ಚರ್ಚೆ ಹಳೆಯದು. ಐಬಿಎಂ, ಮೈಕ್ರೋಸಾಫ್ಟ್, ಬಿಇಎ ಸಂಸ್ಥೆಗಳು 2002ರಲ್ಲಿ ಹೊರತಂದ ಬಿಪೆಲ್ ಭಾಷೆ 2007ರಲ್ಲಿ ಓಯಾಸಿಸ್ ಸಂಸ್ಥೆಯ ಮಾನಕವಾಯಿತು. ಅದರಲ್ಲಿ ಒಬ್ಬ ನಿರ್ದೇಶಕ ನಡುವೆ ಕುಳಿತು ಎಲ್ಲ ಸೇವೆಗಳನ್ನೂ ಕ್ರಮವಾಗಿ ಕರೆಯುತ್ತಾನೆ. ನಿರ್ದೇಶಕನಿಲ್ಲದೆ ಎಲ್ಲರೂ ಒಪ್ಪಿದ ಸಂದೇಶಕ್ರಮವನ್ನು ಬರೆದಿಡುವ ಪ್ರಯತ್ನವಾದ ಡಬ್ಲ್ಯುಎಸ್-ಸಿಡಿಎಲ್ 2005ರಲ್ಲಿ ಶಿಫಾರಸಿನ ಹೊಸ್ತಿಲವರೆಗೆ ಬಂದು ಅಲ್ಲೇ ನಿಂತಿತು. ಆ ಕಾಲದ ಭಾರವಾದ ಎಕ್ಸ್‌ಎಂಎಲ್ ಸಾಧನಗಳಲ್ಲಿ ಬಹಳಷ್ಟು ಈಗ ಬಳಕೆಯಲ್ಲಿಲ್ಲ. ಆದರೆ ಅಲ್ಲಿನ ಎರಡು ವಿಚಾರಗಳು ಇಂದಿಗೂ ಬೆಲೆಯುಳ್ಳವು. ಬಿಪೆಲ್‌ನ ಕೋರಿಲೇಷನ್ ಸೆಟ್ ಒಂದು: ಬಂದ ಉತ್ತರ ಯಾವ ವ್ಯವಹಾರದ್ದು ಎಂಬುದನ್ನು ಆರ್ಡರ್ ಸಂಖ್ಯೆಯಂಥ ವ್ಯವಹಾರದ ಮಾಹಿತಿಯಿಂದಲೇ ಪತ್ತೆ ಹಚ್ಚುವುದು. ಇನ್ನೊಂದು, 2006ರ ಡಬ್ಲ್ಯುಎಸ್-ಅಡ್ರೆಸಿಂಗ್ ಮಾನಕ: ಸಂದೇಶದ ಸಂಖ್ಯೆ, ಅದು ಯಾವ ಸಂದೇಶಕ್ಕೆ ಸಂಬಂಧಿಸಿದ್ದು, ಉತ್ತರ ಎಲ್ಲಿಗೆ ಹೋಗಬೇಕು ಎಂಬುದನ್ನು ಸಂದೇಶದ ತಲೆಬರಹದಲ್ಲೇ ಹೊತ್ತೊಯ್ಯುವುದು.

ಹೀಗೆ ತನ್ನ ಗುರುತನ್ನೂ ಸಂಬಂಧವನ್ನೂ ತಾನೇ ಹೊತ್ತು ಬರುವ ಸಂದೇಶವನ್ನು ಜಾಣ ಸಂದೇಶ ಎನ್ನಬಹುದು. ಇದಕ್ಕೆ ಒಳ್ಳೆಯ ಮಾದರಿ ಬೆಕನ್ ಪ್ರೋಟೊಕಾಲ್. ಒಎನ್‌ಡಿಸಿ ಆನ್‌ಲೈನ್ ವ್ಯಾಪಾರ ಜಾಲ ನಡೆಯುವುದು ಇದರ ಮೇಲೆ. 2022ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನಮ್ಮ ಯಾತ್ರಿ ಆಟೋ ಆ್ಯಪ್ ಕೂಡ ಇದರ ಮೇಲೆಯೇ ಕಟ್ಟಿದ್ದು. ಗ್ರಾಹಕರ ಆ್ಯಪ್ ‘ಕನ್ಫರ್ಮ್’ ಎಂದು ಕಳುಹಿಸಿದರೆ ಮಾರುವವರ ಕಡೆಯಿಂದ ಕೂಡಲೇ ಬರುವುದು ಸ್ವೀಕೃತಿ ಮಾತ್ರ. ತಾಲ್ಲೂಕು ಕಚೇರಿಯಲ್ಲಿ ಅರ್ಜಿಗೆ ಕೊಡುವ ಚೀಟಿಯಂತೆ, ಅರ್ಜಿ ಬಂದಿದೆ ಎಂಬುದಷ್ಟೇ ಅದರ ಅರ್ಥ. ನಿಜವಾದ ಒಪ್ಪಿಗೆ ‘ಆನ್ ಕನ್ಫರ್ಮ್’ ಎಂಬ ಬೇರೆ ಸಂದೇಶವಾಗಿ ಬರುತ್ತದೆ. ಎರಡರ ಮೇಲೂ ಇಡೀ ವ್ಯವಹಾರದ ಸಂಖ್ಯೆ, ಈ ಪ್ರಶ್ನೋತ್ತರ ಜೋಡಿಯ ಸಂಖ್ಯೆ, ಕಳುಹಿಸಿದ ಸಮಯ, ಎಷ್ಟು ಹೊತ್ತು ಮಾನ್ಯ ಎಂಬ ಗಡುವು ಇರುತ್ತವೆ. ಸ್ವೀಕೃತಿಯನ್ನೇ ಒಪ್ಪಿಗೆಯೆಂದು ತಿಳಿದು ಗ್ರಾಹಕರಿಗೆ ‘ಆರ್ಡರ್ ಖಚಿತವಾಗಿದೆ’ ಎಂದು ತೋರಿಸುವ ಆ್ಯಪ್ ಅವರ ನಂಬಿಕೆ ಕಳೆದುಕೊಳ್ಳುತ್ತದೆ. ಗಡುವಿನ ಬೆಲೆ ಕ್ಯೂ ತುಂಬಿದಾಗ ಗೊತ್ತಾಗುತ್ತದೆ. ಹತ್ತು ನಿಮಿಷ ಹಳೆಯ ಆಟೋ ಕೋರಿಕೆಯನ್ನು ನಡೆಸುವುದಕ್ಕಿಂತ ಬಿಟ್ಟುಬಿಡುವುದೇ ಸರಿ.

ಅರ್ಧ ಮುಗಿದ ವ್ಯವಹಾರ ಮುರಿದರೆ ಮಾಡಬೇಕಾದುದನ್ನು ಸಂಶೋಧಕರಾದ ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ 1987ರಲ್ಲಿ ‘ಸಾಗಾ’ ಎಂಬ ಹೆಸರಿನಲ್ಲಿ ಬರೆದರು. ದೀರ್ಘ ವ್ಯವಹಾರವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಅದನ್ನು ಸರಿದೂಗಿಸುವ ಇನ್ನೊಂದು ಹೆಜ್ಜೆಯನ್ನು ಜೊತೆಗಿಡುವ ವಿಧಾನ ಅದು. ಸರಿದೂಗಿಸುವುದು ಎಂದರೆ ನಡೆದದ್ದನ್ನು ಅಳಿಸುವುದು ಎಂದರ್ಥವಲ್ಲ. ಪಾಸ್‌ಬುಕ್ಕಿನಲ್ಲಿ ಹೋದ ಹಣವೂ ಬಂದ ಹಣವೂ ಎರಡು ಸಾಲಾಗಿ ಉಳಿಯುತ್ತವೆ. ಹಾಗೆ ಉಳಿಯುವುದೇ ಸರಿ. ಈ ವಿಧಾನವನ್ನು ಪುಸ್ತಕದಲ್ಲಿ ಓದಿದಾಗ ಕಾಣದೆ, ಕೆಲಸಕ್ಕೆ ಇಳಿದಾಗ ಕಾಣುವ ಸಂಗತಿಗಳಿವೆ. ಸರಿದೂಗಿಸುವ ಹೆಜ್ಜೆಯೂ ಒಂದು ಸಂದೇಶವೇ, ಅದಕ್ಕೂ ಮೌನ ಎದುರಾಗಬಹುದು. ಹಾಗಾಗಿ ರೀಫಂಡ್ ಕೋರಿಕೆಗೂ ತನ್ನದೇ ಗುರುತು, ತನ್ನದೇ ಮರುಪ್ರಯತ್ನ ಬೇಕು. ಅದಕ್ಕಿಂತ ಮುಖ್ಯವಾಗಿ, ಯಾವುದಕ್ಕೆ ಏನು ಪರಿಹಾರ ಎಂಬುದು ಪ್ರೋಗ್ರಾಮರ್ ನಿರ್ಧರಿಸುವ ವಿಷಯವಲ್ಲ. ಮುಗಿದುಹೋದ ಸರಕಿಗೆ ಹಣ ವಾಪಸೋ, ಬದಲಿ ಸರಕೋ, ಎರಡು ದಿನ ಕಾಯುವುದೋ ಎಂಬುದನ್ನು ವ್ಯಾಪಾರ ನಡೆಸುವವರೇ ಹೇಳಬೇಕು. ಅವರನ್ನು ಮೊದಲ ದಿನವೇ ಕೂರಿಸಿಕೊಂಡು ಪ್ರತಿ ಹೆಜ್ಜೆಗೂ ‘ಇದು ಆದಮೇಲೆ ಮುಂದಿನದು ಆಗದಿದ್ದರೆ?’ ಎಂದು ಕೇಳಿದ ಯೋಜನೆಗಳು ನೆಟ್ಟಗೆ ನಡೆದಿವೆ.

ಸಂದೇಶಗಳು ಕಳುಹಿಸಿದ ಕ್ರಮದಲ್ಲೇ ತಲುಪುತ್ತವೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಆರ್ಡರಿಗಿಂತ ಮುಂಚೆ ಅದರ ರದ್ದತಿ ತಲುಪುವುದು ವಿಚಿತ್ರವಾಗಿ ಕಂಡರೂ ಆಗುವಂಥದ್ದೇ. ಅಂಥ ರದ್ದತಿಯನ್ನು ‘ಇಂಥ ಆರ್ಡರ್ ಇಲ್ಲ’ ಎಂದು ಎಸೆದರೆ, ಹಿಂದೆಯೇ ಬಂದ ಆರ್ಡರ್ ಯಾವ ತಡೆಯೂ ಇಲ್ಲದೆ ಗ್ರಾಹಕರ ಮನೆ ಸೇರುತ್ತದೆ. ರದ್ದತಿಯನ್ನು ಬರೆದಿಟ್ಟು, ಆರ್ಡರ್ ಬಂದಾಗ ಎರಡನ್ನೂ ಹೊಂದಿಸುವುದು ಸರಿಯಾದ ದಾರಿ. ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಗಬಹುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡ ತಂಡಗಳಿಗೆ ಇದು ಬೇಗ ಕಾಣುತ್ತದೆ. ಸಂದೇಶದ ರೂಪ ಬದಲಾಗುವಾಗ ಹೊಸ ವಿವರಗಳನ್ನು ಸೇರಿಸಬಹುದು, ಹಳೆಯದರ ಅರ್ಥ ಬದಲಿಸಬಾರದು. ಗುರುತಿಲ್ಲದ ವಿವರ ಬಂದರೆ ಪಡೆಯುವವರು ಅದನ್ನು ಬದಿಗಿಟ್ಟು ಮುಂದುವರಿಯಬೇಕು.

ಇಷ್ಟೆಲ್ಲ ಮಾಡಿದರೂ ಕೆಲವು ವ್ಯವಹಾರಗಳು ನಡುವೆಯೇ ಉಳಿಯುತ್ತವೆ. ಬ್ಯಾಂಕುಗಳು ದಿನವೂ ಲೆಕ್ಕ ತಾಳೆ ನೋಡುವುದು ಇದಕ್ಕಾಗಿಯೇ, ವೆಬ್ ಸೇವೆಗಳ ನಡುವಿನ ಎಲ್ಲ ಪ್ರಕ್ರಿಯೆಗೂ ಅದೇ ಬೇಕು. ಎರಡೂ ಕಡೆಯ ದಾಖಲೆಗಳನ್ನು ಸಂದೇಶಗಳ ದಾರಿಯಿಂದ ಹೊರತಾಗಿ, ಪ್ರತ್ಯೇಕ ಕಡತವಾಗಿ ತರಿಸಿ ಸಾಲು ಸಾಲಾಗಿ ಹೋಲಿಸಬೇಕು. ಹಲವು ಸಲ ಪ್ರಯತ್ನಿಸಿಯೂ ನಡೆಸಲಾಗದ ಸಂದೇಶಗಳನ್ನು ‘ಡೆಡ್ ಲೆಟರ್’ ಕ್ಯೂಗೆ ಸರಿಸುವ ಸೌಲಭ್ಯ ಹೆಚ್ಚಿನ ತಂತ್ರಾಂಶಗಳಲ್ಲಿದೆ. ಆ ಕ್ಯೂಗೆ ಹೆಸರು ಹಿಡಿದು ಹೇಳಬಹುದಾದ ಒಬ್ಬ ಹೊಣೆಗಾರರಿಲ್ಲದಿದ್ದರೆ ಅದು ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಎಸ್‌ಕ್ಯೂಎಸ್‌ನಲ್ಲಾದರೆ ಗರಿಷ್ಠ 14 ದಿನಕ್ಕೆ ಸಂದೇಶ ತಾನಾಗಿ ಅಳಿದೇಹೋಗುತ್ತದೆ. ಹೊಣೆ ಹೊತ್ತವರಿಗೆ ಕಾಣುವ ಪರದೆಯ ಮೇಲೆ ವ್ಯವಹಾರದ ಸಂಖ್ಯೆ, ಕೊನೆಯ ಖಚಿತ ಸ್ಥಿತಿ, ನಡೆದ ಪ್ರಯತ್ನಗಳು, ಗ್ರಾಹಕರಿಗೆ ಈತನಕ ಏನು ತಿಳಿಸಲಾಗಿದೆ ಎಂಬ ವಿವರ ಇರಬೇಕು. ಮತ್ತೆ ಕಳುಹಿಸಲು, ಸರಿದೂಗಿಸಲು, ಮುಗಿಯಿತೆಂದು ಗುರುತು ಹಾಕಲು ಮೂರು ಗುಂಡಿಗಳಿರಬೇಕು, ಯಾರು ಯಾವಾಗ ಯಾವುದನ್ನು ಒತ್ತಿದರು ಎಂಬುದೂ ದಾಖಲಾಗಬೇಕು.