ಶೃಂಗಿ ತೀರ್ಥವೂ ಕೋಗಿಲು ಕೆರೆಯೂ

ನಂದಿ ಕ್ಷೇತ್ರಕ್ಕೆ ಬರುವ ಭಕ್ತಾದಿಗಳು ಶ್ರೀ ಭೋಗನಂದೀಶ್ವರ ಸ್ವಾಮಿಯ ದರ್ಶನ ಮುಗಿಸಿ, ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರುವುದು ವಾಡಿಕೆ. ಶೃಂಗ ಎಂದರೆ ಕೊಂಬು. ನಂದಿಯು ತನ್ನ ಕೊಂಬಿನಿಂದ ನೆಲ ತಿವಿದು ಗಂಗೆಯನ್ನು ತಂದನೆಂದೂ, ದಕ್ಷಿಣ ಪಿನಾಕಿನಿಯ ಮೂಲ ಇದೇ ಎಂದೂ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಭೂಗೋಳದ ಪ್ರಕಾರವೂ ನಂದಿಯ ಗಿರಿಸಾಲು ನದಿಗಳ ತವರುಮನೆ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುವುದು ಈ ಸಾಲಿನಲ್ಲೇ.

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಬರುವವರು ಯಲಹಂಕದ ಹತ್ತಿರ ಕೋಗಿಲು ಕ್ರಾಸ್ ದಾಟಿಯೇ ಬರುತ್ತಾರೆ. ಆ ಊರಿಗೂ ಒಂದು ಕೆರೆ ಇದೆ. ಕೋಗಿಲು ಕೆರೆಗೂ ಈ ನದಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಬಹುದು. ಸಂಬಂಧ ಇದೆ.

ಮಳೆ ಬಿದ್ದ ನೀರು ಇಳಿಜಾರು ಹಿಡಿದು ಒಂದೇ ನದಿಗೆ ಸೇರುವ ಅಷ್ಟೂ ನೆಲಕ್ಕೆ ಜಲಾನಯನ ಪ್ರದೇಶ ಎನ್ನುತ್ತಾರೆ. ಕೋಗಿಲು, ಯಲಹಂಕ, ಜಕ್ಕೂರು ಎಲ್ಲವೂ ದಕ್ಷಿಣ ಪಿನಾಕಿನಿಯ ಜಲಾನಯನದಲ್ಲಿವೆ. ನಮ್ಮ ಪೂರ್ವಿಕರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಯಲಹಂಕ ಕೆರೆ ಕೋಡಿ ಬಿದ್ದರೆ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ, ಮುಂದೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ, ಕೊನೆಗೆ ನದಿಗೆ. ಕೋಗಿಲು ಕಡೆಯ ನೀರೂ ಕಡೆಗೆ ಸೇರುವುದು ಅದೇ ನದಿಯನ್ನು. ಹಾಗಾಗಿ ನದಿಯ ಮೂಲ ಬೆಟ್ಟದಲ್ಲಿ ಒಂದು, ಪ್ರತಿ ಊರಿನ ಕೆರೆಯಲ್ಲಿ ಒಂದೊಂದು ಎಂದು ತಿಳಿಯಬೇಕು.

ಈಗ ಆಗಿರುವುದೇನು? ರಾಜಕಾಲುವೆಯಲ್ಲಿ ಮಳೆನೀರಿನ ಜೊತೆ ಮನೆಗಳ ಕೊಳಚೆಯೂ, ಸೋಪಿನ ನೀರೂ ಹರಿಯುತ್ತಿದೆ. ಇದೇ ನದಿ ತಮಿಳುನಾಡಿಗೆ ಕಾಲಿಡುತ್ತಲೇ ಹೊಸೂರು ಹತ್ತಿರದ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಬಿಳಿ ನೊರೆ ಎದ್ದು ಹೊಲಗಳ ಕಡೆ ಹಾರಿದ್ದನ್ನು ಜನ ಹಲವು ಸಲ ನೋಡಿದ್ದಾರೆ. ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಂಡ ಹೊಳೆ ಕೆಳಗಿನ ರೈತನಿಗೆ ಕಾಟವಾಗಿ ಹೋಗುವುದು ಧರ್ಮವೇ?

ಸರಿಪಡಿಸುವುದು ಸಾಧ್ಯ ಎಂಬುದಕ್ಕೆ ಕೋಗಿಲಿನ ನೆರೆಯ ಜಕ್ಕೂರು ಕೆರೆಯೇ ಸಾಕ್ಷಿ. ಸುಮಾರು 160 ಎಕರೆಯ ಈ ಕೆರೆಯ ಪಕ್ಕದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ಶುದ್ಧಿ ಮಾಡುವ ಘಟಕ ಹಾಕಿದರು. ಅಲ್ಲಿಂದ ಹೊರಟ ನೀರು ನೇರ ಕೆರೆಗೆ ಹೋಗದೆ ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸಾಗುತ್ತದೆ. ಉಳಿದ ಕೊಳೆಯನ್ನು ಗಿಡಗಳ ಬೇರು ಹೀರಿಕೊಳ್ಳುತ್ತದೆ. ಸುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬಂತು. ಸ್ಥಳೀಯರು ಜಲಪೋಷಣ್ ಎಂಬ ಟ್ರಸ್ಟ್ ಮಾಡಿಕೊಂಡು ಕೆರೆ ನೋಡಿಕೊಂಡರು, ಶಾಲೆ ಮಕ್ಕಳಿಗೆ ಏರಿಯ ಮೇಲೆಯೇ ಪಾಠ ಹೇಳಿಕೊಟ್ಟರು. ಯಂತ್ರ ಕೂಡಿಸಿದರೆ ಅರ್ಧ ಕೆಲಸ. ಕಾಯುವ ಜನ ಇದ್ದರೆ ಪೂರ್ತಿ ಕೆಲಸ. ಹಿಂದೆ ಆ ಕಾವಲು ನೀರುಗಂಟಿಯದಾಗಿತ್ತು.

ಇನ್ನೊಂದು ಸಂಗತಿ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದೆ. ಅದಕ್ಕಾಗಿ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಪೈಪಿನಲ್ಲಿ ಮೇಲೆತ್ತಿ 65 ಕೆರೆಗಳಿಗೆ ತುಂಬಿಸುವ ಯೋಜನೆ ಮಾಡಲಾಯಿತು. ಬೆಟ್ಟದ ಸೀಮೆಯಿಂದ ಇಳಿಯುವ ನೀರಿನ ನಾಡಿಗೆ ಊರಿನ ನೀರೇ ಮೇಲೇರಿ ಬರುತ್ತಿದೆ. ಅದು ನೆಲಕ್ಕೆ ಇಂಗಿ ಇಲ್ಲಿನ ಬೋರ್‌ವೆಲ್‌ ಸೇರಬೇಕು. ಊರಿನವರು ಚರಂಡಿಗೆ ಬಿಟ್ಟದ್ದು ಬೆಟ್ಟದ ಬುಡದವರ ಕೊಡಕ್ಕೆ ಬರುತ್ತದೆ ಎಂಬುದನ್ನು ಮರೆಯಬಾರದು.

ಭಕ್ತಾದಿಗಳು ಪಾಲಿಸಬೇಕಾದ ನಿಯಮಗಳು:

1. ಕಲ್ಯಾಣಿಯಲ್ಲಿ ಸೋಪು, ಶಾಂಪೂ ಬಳಸಬಾರದು. ಹೂವು, ಕುಂಕುಮದ ಪೊಟ್ಟಣ, ಹಳೇ ಬಟ್ಟೆ ಹಾಕಬಾರದು.

2. ತಂದ ಪ್ಲಾಸ್ಟಿಕ್ ವಾಪಸ್ ಒಯ್ಯಬೇಕು.

3. ಮನೆಯಲ್ಲಿ ಮಳೆನೀರು ಹಿಡಿಯಬೇಕು. 30×40 ಅಡಿ ತಾರಸಿಯ ಮೇಲೆ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಲೀಟರ್ ಮಳೆ ಬೀಳುತ್ತದೆ.

4. ಮನೆಯ ಕೊಳಚೆ ಒಳಚರಂಡಿಗೆ ಸೇರುತ್ತಿದೆಯೋ ರಾಜಕಾಲುವೆಗೋ ನೋಡಿಕೊಳ್ಳಬೇಕು.

5. ಮಣ್ಣಿನ ಗಣಪನನ್ನೇ ಕೂರಿಸಬೇಕು.

6. ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ತಮ್ಮೂರ ಕೆರೆಗೆ ಕರೆದೊಯ್ದು ಏರಿ, ತೂಬು, ಕೋಡಿ ತೋರಿಸಬೇಕು.

ಶೃಂಗಿ ತೀರ್ಥದ ಮುಂದೆ ಕೈ ಮುಗಿದವರು ವಾಪಸ್ ಹೋಗುವಾಗ ಕೋಗಿಲು ಕ್ರಾಸಿನಲ್ಲಿ ಒಂದು ಕ್ಷಣ ಅಲ್ಲಿನ ಕೆರೆಯನ್ನೂ ನೆನೆಯಲಿ. ಯಾತ್ರೆಯ ಫಲ ಆಗ ಪೂರ್ತಿ.