ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಗಾಲ್ಫ್

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸೇಂಟ್ ಆಂಡ್ರೂಸ್ ಎಂಬ ಚಿಕ್ಕ ಊರಿದೆ. ಗಾಲ್ಫ್ ಆಟದ ತವರೆಂದು ಹೆಸರಾದ ಅಲ್ಲಿಯ 'ಓಲ್ಡ್ ಕೋರ್ಸ್' ಮೈದಾನದಲ್ಲಿ ಜನ್ಮದಲ್ಲೊಮ್ಮೆ ಆಡಬೇಕೆಂದು ಕಡಲು ದಾಟಿ ಬರುವವರುಂಟು. ಅಂಥವನೊಬ್ಬನು ಜನವರಿಯ ಒಂದು ಮುಂಜಾನೆ ದಾಂಡುಗಳ ಚೀಲವನ್ನು ಹೊತ್ತು ಬಂದು ನಿಂತಿರುವನೆಂದು ಭಾವಿಸೋಣ. ಆಕಾಶ ನಿರ್ಮಲವಾಗಿದೆ, ಗಾಳಿಯಿಲ್ಲ, ಮಳೆಯ ಸುಳಿವಿಲ್ಲ. ಆದರೂ ಆಡಲು ಅಪ್ಪಣೆ ದೊರೆಯದು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ, ಅದು ಕರಗುವ ತನಕ ಯಾರೂ ಕಾಲಿಡಕೂಡದು ಎಂದು ಮೈದಾನದ ಪಾಲಕರು ತಡೆಯುತ್ತಾರೆ. ನಡುಚಳಿಗಾಲದಲ್ಲಿ ಅಲ್ಲಿ ಹಗಲಿರುವುದು ಸುಮಾರು 7 ಗಂಟೆ ಮಾತ್ರ. ಒಂದು ಸುತ್ತಿನ ಆಟಕ್ಕೇ ಸುಮಾರು 4 ಗಂಟೆ ಬೇಕು. ತಡವಾದ ಒಂದೊಂದು ಗಂಟೆಯೂ ಕೆಲವರ ಆಟವನ್ನು ನುಂಗಿಬಿಡುತ್ತದೆ. ಇಷ್ಟು ನಿಷ್ಠುರವಾದ ಕಟ್ಟಳೆ ಏತಕ್ಕೆ?

ಆಟವನ್ನು ನೋಡದವರಿಗಾಗಿ ಎರಡು ಮಾತು. ಚೆಂಡನ್ನು ಮೊದಲು ಹೊಡೆಯುವ ಸ್ಥಳ 'ಟೀ'. ಅಲ್ಲಿಂದ ಮುಂದೆ ಹುಲ್ಲು ಕತ್ತರಿಸಿದ ಅಗಲವಾದ ಹಾದಿ 'ಫೇರ್‌ವೇ'. ಅದರ ಕೊನೆಯಲ್ಲಿ ಅತಿ ನುಣ್ಣಗೆ ಕತ್ತರಿಸಿದ 'ಗ್ರೀನ್'. ಅದರಲ್ಲಿ 108 ಮಿಲಿಮೀಟರ್ ಅಡ್ಡಳತೆಯ ಒಂದು ಕುಳಿ. ನಡುನಡುವೆ ಮರಳು ತುಂಬಿದ ಹಳ್ಳಗಳಿರುತ್ತವೆ, ಅವು 'ಬಂಕರ್'ಗಳು. ಟೀಯಿಂದ ಕುಳಿಯವರೆಗಿನ ಇಡೀ ಹಾದಿಗೂ 'ಹೋಲ್' ಎಂದೇ ಹೆಸರು. ಹೋಲ್ ರಚನೆ ಎಂದಾಗ ಈ ಹಾದಿಯ ರಚನೆ ಎಂದು ತಿಳಿಯಬೇಕು.

ಇನ್ನು ಹೆಪ್ಪುಗಟ್ಟುವ ವಿಚಾರ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಹುಲ್ಲಿನ ಎಲೆ ತನ್ನ ಶಾಖವನ್ನು ಆಕಾಶದ ಕಡೆಗೆ ಸೂಸುತ್ತ, ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಆಳೆತ್ತರದಲ್ಲಿ ತೂಗುಹಾಕಿದ ಉಷ್ಣತಾಮಾಪಕವು 2 ಡಿಗ್ರಿ ಸೆಂಟಿಗ್ರೇಡ್ ತೋರಿಸುತ್ತಿದ್ದರೂ ನೆಲಮಟ್ಟದ ಎಲೆ ಸೊನ್ನೆಗಿಂತ ಕೆಳಗಿಳಿದಿರಬಹುದು. ಆಗ ಎಲೆಯ ಮೇಲಿನ ತೇವವಷ್ಟೇ ಅಲ್ಲ, ಎಲೆಯೊಳಗಿನ ನೀರೂ ಹರಳುಗಟ್ಟತೊಡಗುತ್ತದೆ. ಬಾಗಿ ಏಳುತ್ತಿದ್ದ ಎಲೆ ಈಗ ಗಾಜಿನಂತೆ ಬಿರುಸು. ಅದರ ಮೇಲೆ ಕಾಲಿಟ್ಟರೆ ಜೀವಕೋಶಗಳ ಪೊರೆ ಹರಿಯುತ್ತದೆ. ತುಳಿದ ಗಳಿಗೆಯಲ್ಲಿ ಏನೂ ಕಾಣದು. ಬಿಸಿಲೇರಿ ಹೆಪ್ಪು ಕರಗಿದ ಮೇಲೆ, ನಡೆದುಹೋದವನ ಹೆಜ್ಜೆಗಳು ಒಂದೊಂದಾಗಿ ಕಂದು ಬಣ್ಣದಲ್ಲಿ ಮೂಡುತ್ತವೆ.

ಬೇಸಿಗೆಯಲ್ಲಾದರೆ ಇಂಥ ಗಾಯ ಕೆಲವು ದಿನಗಳಲ್ಲಿ ಮಾಯ್ದೀತು. ಚಳಿಗಾಲದಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಬೆಳೆಯುವ ಫೆಸ್ಕ್ಯೂ, ಬೆಂಟ್ ಜಾತಿಯ ಹುಲ್ಲುಗಳು ಮಣ್ಣಿನ ಉಷ್ಣತೆ 5-6 ಡಿಗ್ರಿಗಿಂತ ಕೆಳಗಿಳಿದರೆ ಬಹುಮಟ್ಟಿಗೆ ಬೆಳೆಯುವುದನ್ನೇ ನಿಲ್ಲಿಸುತ್ತವೆ. ಜನವರಿಯ ಹೆಜ್ಜೆ ವಸಂತದವರೆಗೂ ಅಚ್ಚಳಿಯದೆ ಉಳಿದೀತು. ಗ್ರೀನಿನ ಮೇಲೆ ಚೆಂಡು ಮೆಲ್ಲನೆ ಉರುಳಬೇಕು. ಅಲ್ಲಿ ಅಂಗೈ ಅಗಲ ಹುಲ್ಲು ಸತ್ತರೂ ಅದರ ದಾರಿ ಕೆಡುತ್ತದೆ. ಒಬ್ಬನ ಒಂದು ಬೆಳಗಿನ ಆಟಕ್ಕಾಗಿ ನೂರಾರು ಜನರ ಮೂರು ತಿಂಗಳ ಆಟವನ್ನು ತೆರಬೇಕಾಗುತ್ತದೆ.

ಹೆಪ್ಪು ಕರಗುವ ಸಮಯ ಇನ್ನೂ ಮೋಸದ್ದು. ಬಹುದಿನ ಹೆಪ್ಪುಗಟ್ಟಿದ ನೆಲದಲ್ಲಿ ಮೇಲಿನ ಒಂದೆರಡು ಅಂಗುಲ ಮಣ್ಣು ಮೊದಲು ಸಡಿಲವಾಗುತ್ತದೆ. ಕೆಳಗಿನದು ಕಲ್ಲಿನಂತೆಯೇ ಇರುತ್ತದೆ. ಕರಗಿದ ನೀರು ಕೆಳಗಿಳಿಯಲು ದಾರಿಯಿಲ್ಲ. ಆಗ ಕಾಲಿಟ್ಟರೆ ಮೇಲ್ಪದರವು ಕೆಳಪದರದ ಮೇಲೆ ಜಾರಿ ನಡುವೆ ಸಿಕ್ಕಿದ ಬೇರುಗಳು ತುಂಡಾಗುತ್ತವೆ. ಹಸುರಾಗಿ ಕಾಣುವ ಗ್ರೀನು ಬಿಳಿಯ ಗ್ರೀನಿಗಿಂತ ಅಪಾಯದಲ್ಲಿರಬಹುದೆಂಬುದನ್ನು ದೂರದಿಂದ ಬಂದ ಆಟಗಾರನಿಗೆ ಒಪ್ಪಿಸುವುದು ಪಾಲಕನಿಗೆ ಸುಲಭವಲ್ಲ!

ಚೆಂಡಿನ ಗತಿಯೂ ಚಳಿಯಲ್ಲಿ ಬೇರೆಯಾಗುತ್ತದೆ. 30 ಡಿಗ್ರಿಯ ಒಣ ಗಾಳಿ ಘನಮೀಟರಿಗೆ ಸುಮಾರು 1.165 ಕಿಲೋಗ್ರಾಮ್ ತೂಗಿದರೆ, ಸೊನ್ನೆ ಡಿಗ್ರಿಯಲ್ಲಿ ಅದು 1.293 ಕಿಲೋಗ್ರಾಮ್ ತೂಗುತ್ತದೆ. ಎಂದರೆ ಶೇಕಡಾ 11ರಷ್ಟು ಹೆಚ್ಚು. ಅದೇ ವೇಗದ ಚೆಂಡಿಗೆ ಅಷ್ಟರಮಟ್ಟಿಗೆ ತಡೆಯೂ ಹೆಚ್ಚು. ಹೊಡೆತದಿಂದ ಹಿಮ್ಮುಖವಾಗಿ ತಿರುಗುತ್ತ ಹೋಗುವ ಚೆಂಡನ್ನು ಗಾಳಿ ಮೇಲಕ್ಕೂ ಎತ್ತುತ್ತದೆ. ಎಡಿನ್‌ಬರೋ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಪೀಟರ್ ಗಥ್ರಿ ಟೇಟ್ 1890ರ ದಶಕದಲ್ಲಿ ಇದನ್ನು ವಿವರಿಸಿದನು. ಚೆಂಡಿಗೆ ಪಟ್ಟಿಯೊಂದನ್ನು ಕಟ್ಟಿ ಹೊಡೆಸಿ, ಅದರಲ್ಲಿ ಬಿದ್ದ ಹುರಿಗಳನ್ನೆಣಿಸಿ ಚೆಂಡಿನ ಸುತ್ತುಗಳನ್ನು ಲೆಕ್ಕಹಾಕಿದ ಜಾಣ ಆತ. ದಟ್ಟ ಗಾಳಿಯಲ್ಲಿ ಎತ್ತುವ ಬಲವೂ ಹೆಚ್ಚುವುದು ನಿಜ. ಆದರೆ ಒಟ್ಟಿನಲ್ಲಿ ತಡೆಯೇ ಗೆಲ್ಲುತ್ತದೆ. ಇದರ ಮೇಲೆ, ತಣ್ಣಗಾದ ರಬ್ಬರು ಪುಟಿಯುವುದೂ ಕಡಮೆ. ಹಾಗಾದರೆ ಚೆಂಡನ್ನು ಕಾಯಿಸಿಕೊಂಡರಾಯಿತಲ್ಲ ಎಂದು ತುಂಟ ವಿದ್ಯಾರ್ಥಿ ಕೇಳಬಹುದು. ನಿಯಮ ರಚಿಸಿದವರು ಅದನ್ನೂ ಯೋಚಿಸಿದ್ದಾರೆ. ಬೇಕೆಂದೇ ಕಾಯಿಸಿದ ಚೆಂಡಿನಿಂದ ಆಡುವುದು ನಿಷಿದ್ಧ.

ಇಷ್ಟನ್ನು ತಿಳಿದು ಓಲ್ಡ್ ಕೋರ್ಸಿನ 17ನೆಯ ಹೋಲನ್ನು ನೋಡಬೇಕು. 'ರೋಡ್ ಹೋಲ್' ಎಂದು ಪ್ರಸಿದ್ಧವಾದ ಇದರ ಉದ್ದ ದೊಡ್ಡ ಪಂದ್ಯಗಳಲ್ಲಿ 495 ಗಜ. ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕೆಂಬುದು ಅಳತೆಗೋಲು. ಗ್ರೀನು ಎತ್ತರವಾದ, ಕಿರಿದಾದ ಜಗಲಿಯಂತೆ ಓರೆಯಾಗಿ ಮಲಗಿದೆ. ಮುಂಭಾಗದ ಎಡದಲ್ಲಿ ಆಳವಾದ ಬಂಕರ್. ಹಿಂದೆ ರಸ್ತೆ, ಅದರಾಚೆ ಕಲ್ಲಿನ ಗೋಡೆ. ನೆಲ ಹೆಪ್ಪುಗಟ್ಟಿದ ದಿನ ಎತ್ತರದಿಂದ ಬಿದ್ದ ಚೆಂಡು ಗಟ್ಟಿ ಗ್ರೀನಿನಿಂದ ಪುಟಿದು ರಸ್ತೆಗೆ ಹಾರುತ್ತದೆ. ನೆಲ ಒದ್ದೆಯಾದ ದಿನ ಮುಂದೆಯೇ ಬಿದ್ದು ನಿಂತುಬಿಡುತ್ತದೆ. ಆದರೆ ಮುಂಭಾಗದ ಬಲಕ್ಕೆ ಒಂದು ತೆರಪಿದೆ; ತಗ್ಗಾಗಿ ಹೊಡೆದ ಚೆಂಡು ನೆಲದ ಮೇಲೆಯೇ ಓಡಿ ಏರನ್ನು ಹತ್ತಬಹುದು. ಆ ತೆರಪನ್ನೂ ಬಂಕರಿನಿಂದಲೋ ಕೊಳದಿಂದಲೋ ಮುಚ್ಚಿದ್ದರೆ, ಹೆಪ್ಪುಗಟ್ಟಿದ ದಿನ ಎಂಥ ನಿಪುಣನಿಗೂ ಗ್ರೀನಿನಲ್ಲಿ ಚೆಂಡನ್ನು ನಿಲ್ಲಿಸುವುದು ದುಸ್ತರವಾಗುತ್ತಿತ್ತು. ಗಾಳಿಯ ದಾರಿಯೊಡನೆ ನೆಲದ ದಾರಿಯನ್ನೂ ಉಳಿಸಿಕೊಂಡ ಹೋಲೇ ಹನ್ನೆರಡು ತಿಂಗಳ ಹೋಲು ಎಂಬುದು ನನ್ನ ಅಭಿಪ್ರಾಯ.

ರಚನೆಕಾರನು ಸೂರ್ಯನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೇಂಟ್ ಆಂಡ್ರೂಸಿನ ಅಕ್ಷಾಂಶ ಉತ್ತರಕ್ಕೆ 56 ಡಿಗ್ರಿ 20 ಮಿನಿಟು. 90ರಿಂದ ಇದನ್ನೂ 23½ ಡಿಗ್ರಿಯನ್ನೂ ಕಳೆದರೆ ಡಿಸೆಂಬರಿನ ನಡುಹಗಲಿನ ಸೂರ್ಯನ ಎತ್ತರ ದೊರೆಯುತ್ತದೆ: ಸುಮಾರು 10 ಡಿಗ್ರಿ! ಆಗ 10 ಮೀಟರ್ ಎತ್ತರದ ಮರದ ನೆರಳು 55 ಮೀಟರ್ ಚಾಚುತ್ತದೆ. (ಅದೇ ದಿನ ಬೆಂಗಳೂರಿನಲ್ಲಿ ಅಂಥ ಮರದ ನೆರಳು 7½ ಮೀಟರ್ ಮಾತ್ರ.) ಗ್ರೀನಿನ ದಕ್ಷಿಣಕ್ಕೆ ಮರಗಳ ಸಾಲಿದ್ದರೆ ಹೆಪ್ಪು ದಿನವಿಡೀ ಕರಗದೆ ಕುಳಿತೀತು. ಮರಳುದಿಬ್ಬಗಳ ಓಲ್ಡ್ ಕೋರ್ಸಿನಲ್ಲಿ ಮರಗಳ ಕಾಟವಿಲ್ಲ. ಮರಳಿನಲ್ಲಿ ನೀರು ಬೇಗ ಬಸಿಯುತ್ತದೆ. ಪಕ್ಕದ ಕಡಲು ಚಳಿಯ ಮೊನೆಯನ್ನು ಮೊಂಡುಮಾಡುತ್ತದೆ. ಒಳನಾಡಿನ ಜೇಡಿಮಣ್ಣಿನ ಮೈದಾನಗಳಿಗೆ ಈ ಮೂರು ಭಾಗ್ಯಗಳೂ ಇಲ್ಲ.

ತುಳಿತವನ್ನು ಹಂಚುವ ಉಪಾಯವೂ ಅಲ್ಲಿಯ ರಚನೆಯಲ್ಲಿದೆ. 18 ಹೋಲುಗಳಲ್ಲಿ 14ಕ್ಕೆ ಎರಡೆರಡು ಸೇರಿ ಒಂದೊಂದು ವಿಶಾಲವಾದ ಗ್ರೀನ್. 2 ಮತ್ತು 16, 3 ಮತ್ತು 15, ಹೀಗೆ ಜೊತೆಯಾದ ಹೋಲುಗಳ ಸಂಖ್ಯೆಯನ್ನು ಕೂಡಿದರೆ ಯಾವಾಗಲೂ 18 ಬರುವುದೊಂದು ವಿನೋದ. ಜಾಗ ಇಷ್ಟಿರುವುದರಿಂದ ಕುಳಿಯನ್ನು ಪದೇಪದೇ ಬೇರೆಡೆಗೆ ಸರಿಸಿ, ಸವೆದ ಹುಲ್ಲಿಗೆ ವಿಶ್ರಾಂತಿ ಕೊಡಬಹುದು. ಹಿಂದೆ ಒಂದು ವಾರ ಬಲಸುತ್ತಾಗಿಯೂ ಮರುವಾರ ಎಡಸುತ್ತಾಗಿಯೂ ಆಡುವ ರೂಢಿಯಿತ್ತು. ಅದರಿಂದ ಚೆಂಡು ಬಿದ್ದು ಕಿತ್ತ ತಾಣಗಳು ವಾರವಾರವೂ ಬದಲಾಗುತ್ತಿದ್ದವು. ನವೆಂಬರಿನಿಂದ ಮಾರ್ಚಿಯವರೆಗೆ ಫೇರ್‌ವೇಯಲ್ಲಿ ಬಿದ್ದ ಚೆಂಡನ್ನು ಸಣ್ಣದೊಂದು ಚಾಪೆಯ ಮೇಲಿಟ್ಟು ಹೊಡೆಯುವ ಏರ್ಪಾಡೂ ಉಂಟು.

ಹುಲ್ಲು ನಿದ್ರಿಸುವ ಈ ತಿಂಗಳುಗಳೇ ಪಾಲಕರಿಗೆ ಬಿಡುವಿಲ್ಲದ ಕಾಲ. ಓಲ್ಡ್ ಕೋರ್ಸಿನ 112 ಬಂಕರುಗಳಲ್ಲಿ ಕುಸಿದವುಗಳ ಗೋಡೆಯನ್ನು ಕೆಡವಿ, ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಕತ್ತರಿಸಿ, ಸಾಲಿನ ಮೇಲೆ ಸಾಲು ತುಸು ಹಿಂದಕ್ಕೆ ವಾಲಿಸಿ ಕಟ್ಟುತ್ತಾರೆ. ಬೇಸಿಗೆಯ ಆಟಗಾರನು ಮರಳಿನಲ್ಲಿ ನಿಂತು ಶಪಿಸುವ ಗೋಡೆ ಎದ್ದುನಿಲ್ಲುವುದು ಜನವರಿಯ ಈ ಮೋಟು ಹಗಲುಗಳಲ್ಲಿಯೇ.