ದಿನಾಂಕಗಳ ನಡುವಿನ ಲೆಕ್ಕ: ವರದಿಯಿಂದ ಕೊನೆಯ ದಿನ ಜಾರುವುದೇಕೆ?

ಕೈಬರಹದ ಲೆಕ್ಕಪುಸ್ತಕಗಳ ಕಾಲದಲ್ಲಿ ಒಂದು ತಿಂಗಳ ಮಾರಾಟದ ಮೊತ್ತ ಬೇಕಾದರೆ ಗುಮಾಸ್ತನು ಒಂದನೆಯ ತಾರೀಖಿನ ಪುಟದಿಂದ ಮೂವತ್ತೊಂದರ ಪುಟದವರೆಗೆ ಕೂಡಿ ಹೇಳುತ್ತಿದ್ದನು. ‘ವರೆಗೆ’ ಎಂದರೆ ಆ ದಿನವೂ ಸೇರಿದೆ ಎಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗಣಕಯಂತ್ರಕ್ಕೆ ಇದನ್ನು ಕಲಿಸಬೇಕಾಗುತ್ತದೆ. ಪರದೆಯ ಮೇಲೆ ಎರಡು ಚೌಕಗಳಲ್ಲಿ ಆರಂಭದ ಮತ್ತು ಕೊನೆಯ ದಿನಾಂಕಗಳನ್ನು ತುಂಬಿದೊಡನೆ ಬರುವ ಪಟ್ಟಿಯು ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆಯಿಂದ ತೆರಿಗೆ ವಿವರಪಟ್ಟಿ ಸಲ್ಲಿಸುವ ಸಂಸ್ಥೆಗಳು ಅನೇಕ. ಈ ನಂಬಿಕೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ವರ್ತಕರು ತಿಳಿದಿರುವುದು ಅಗತ್ಯ.

ಎಕ್ಸೆಲ್‌ನಲ್ಲಿ ದಿನಾಂಕವೆಂಬುದು ವಾಸ್ತವವಾಗಿ ಒಂದು ಸಂಖ್ಯೆ. 1900ರ ಜನವರಿ 1ನ್ನು 1 ಎಂದಿಟ್ಟುಕೊಂಡು ಅಲ್ಲಿಂದ ಎಣಿಕೆ ಸಾಗುತ್ತದೆ. 2025ರ ಜುಲೈ 31ರ ಸಂಖ್ಯೆ 45869. ವೇಳೆಯನ್ನು ದಿನದ ಭಾಗಾಂಶವಾಗಿ ಬರೆಯಲಾಗುತ್ತದೆ. ಆದ್ದರಿಂದ ಅದೇ ದಿನ ಸಂಜೆ 6 ಗಂಟೆಗೆ ಹಾಕಿದ ಬಿಲ್ಲಿನ ಸಂಖ್ಯೆ 45869.75 ಆಗುತ್ತದೆ. ಇತರ ದತ್ತಾಂಶ ತಂತ್ರಾಂಶಗಳಲ್ಲಿ ಎಣಿಕೆಯ ವಿಧಾನ ಬೇರೆಯಾದರೂ, ವೇಳೆ ನಮೂದಿಸದ ದಿನಾಂಕವನ್ನು ಆ ದಿನದ ಆರಂಭದ ಕ್ಷಣ, ಅಂದರೆ ರಾತ್ರಿ 12 ಗಂಟೆ, ಎಂದೇ ಭಾವಿಸುವುದು ಸಾಮಾನ್ಯ.

ತೊಂದರೆ ಹುಟ್ಟುವುದು ಇಲ್ಲಿಯೇ. ಮಾಲೀಕರು ಜುಲೈ 1ರಿಂದ 31ರವರೆಗೆ ಎಂದು ಕೇಳಿದಾಗ ತಂತ್ರಾಂಶವು 45869ಕ್ಕೆ ಮೀರದ ಬಿಲ್ಲುಗಳನ್ನಷ್ಟೇ ಆರಿಸುತ್ತದೆ. ಕೌಂಟರಿನಲ್ಲಿ ವೇಳೆ ಸಹಿತವಾಗಿ ದಾಖಲಾದ 31ರ ಬಿಲ್ಲುಗಳೆಲ್ಲ ಅದಕ್ಕಿಂತ ದೊಡ್ಡ ಸಂಖ್ಯೆಗಳಾದ್ದರಿಂದ ಹೊರಗುಳಿಯುತ್ತವೆ. ಒಂದು ಅಂಗಡಿಯ ಜುಲೈ ಮಾರಾಟ 18,42,600 ರೂಪಾಯಿ, ಅದರಲ್ಲಿ 31ರ ಒಂದೇ ದಿನದ್ದು 1,16,400 ರೂಪಾಯಿ ಎಂದಿಟ್ಟುಕೊಂಡರೆ, ವರದಿ ತೋರಿಸುವುದು 17,26,200 ರೂಪಾಯಿ ಮಾತ್ರ. ಶೇಕಡಾ 18ರ ದರದಲ್ಲಿ 20,952 ರೂಪಾಯಿ ತೆರಿಗೆ ಆ ತಿಂಗಳು ಕಟ್ಟದೆ ಉಳಿಯುತ್ತದೆ. ಮುಂದೆ ಬಡ್ಡಿಯೂ ಸೇರುತ್ತದೆ. ಆಗಸ್ಟ್ ವರದಿ 1ನೆಯ ತಾರೀಖಿನಿಂದ ಆರಂಭವಾಗುವುದರಿಂದ ಈ ಬಿಲ್ಲುಗಳು ಅಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ತಪ್ಪು ಮಾಡುವ ಉದ್ದೇಶ ಯಾರಿಗೂ ಇರುವುದಿಲ್ಲ. ಆದರೆ ಪ್ರತಿ ತಿಂಗಳೂ ಕೊನೆಯ ದಿನದ ವಹಿವಾಟನ್ನೇ ಬಿಟ್ಟ ಲೆಕ್ಕವನ್ನು ಕಂಡ ಅಧಿಕಾರಿಗೆ ಅದನ್ನು ಮನಗಾಣಿಸುವುದು ಸುಲಭವಲ್ಲ.

ಇದನ್ನು ಪತ್ತೆ ಹಚ್ಚಲು ತಂತ್ರಜ್ಞಾನ ಬೇಕಿಲ್ಲ. ಎರಡೂ ಚೌಕಗಳಲ್ಲಿ ವಹಿವಾಟು ನಡೆದ ಒಂದೇ ದಿನಾಂಕವನ್ನು ತುಂಬಬೇಕು. ಬಿಲ್ಲುಗಳಿದ್ದೂ ಪಟ್ಟಿ ಖಾಲಿ ಬಂದರೆ ದೋಷವಿದೆ ಎಂದೇ ಅರ್ಥ. ಇನ್ನೊಂದು ಪರೀಕ್ಷೆಯೂ ಉಂಟು: ಜುಲೈ ಮೊತ್ತಕ್ಕೆ ಆಗಸ್ಟ್ ಮೊತ್ತವನ್ನು ಕೂಡಿ, ಎರಡೂ ತಿಂಗಳ ಒಟ್ಟು ವರದಿಯೊಡನೆ ಹೋಲಿಸಿದರೆ ಜುಲೈ 31ರ ಮಾರಾಟದಷ್ಟೇ ವ್ಯತ್ಯಾಸ ಕಂಡುಬರುತ್ತದೆ.

ಪರಿಹಾರವೂ ಸರಳ. ಕೊನೆಯ ದಿನಾಂಕಕ್ಕೆ ಒಂದು ದಿನ ಕೂಡಿಸಿ, ಅದಕ್ಕಿಂತ ಚಿಕ್ಕದಾದುದನ್ನೆಲ್ಲ ಆರಿಸುವಂತೆ ತಂತ್ರಾಂಶ ಬರೆದವರಿಗೆ ಹೇಳಬೇಕು. ಅಂದರೆ ಜುಲೈ 1 ಅಥವಾ ಅನಂತರದ್ದು, ಆದರೆ ಆಗಸ್ಟ್ 1ಕ್ಕಿಂತ ಮುಂಚಿನದು. ಕೆಲವರು ಕೊನೆಯ ದಿನಾಂಕಕ್ಕೆ ರಾತ್ರಿ 11 ಗಂಟೆ 59 ನಿಮಿಷವನ್ನು ಅಂಟಿಸಿ ಕೆಲಸ ಮುಗಿಸುತ್ತಾರೆ. ರಾತ್ರಿಯಿಡೀ ತೆರೆದಿರುವ ಔಷಧದ ಅಂಗಡಿಯಲ್ಲಿ ಆ ಕೊನೆಯ ನಿಮಿಷಕ್ಕೂ ಬೆಲೆಯಿದೆ.

ದಿನಾಂಕ ಬರೆಯುವ ಕ್ರಮದಲ್ಲಿಯೂ ಎಚ್ಚರ ಬೇಕು. ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಪ್ರಶ್ನೆಯೊಳಗೆ ನೇರವಾಗಿ ಬರೆದ ದಿನಾಂಕವನ್ನು ಅಮೆರಿಕದ ಪದ್ಧತಿಯಂತೆ ತಿಂಗಳು ಮೊದಲು, ದಿನ ಆಮೇಲೆ ಎಂದು ಓದಲಾಗುತ್ತದೆ. 5/4 ಎಂದರೆ ಏಪ್ರಿಲ್ 5 ಅಲ್ಲ, ಮೇ 4. ಹದಿಮೂರನೆಯ ತಿಂಗಳು ಇಲ್ಲದ ಕಾರಣ 13/4 ಮಾತ್ರ ಏಪ್ರಿಲ್ 13 ಎಂದೇ ಸರಿಯಾಗಿ ದಕ್ಕುತ್ತದೆ. ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ತಪ್ಪುವ, ಉಳಿದ ದಿನಗಳಲ್ಲಿ ಸರಿಯಿರುವ ಇಂತಹ ವರದಿಯು ಪೂರ್ತಿ ಕೆಟ್ಟ ವರದಿಗಿಂತ ಅಪಾಯಕಾರಿ. ದಿನಾಂಕವನ್ನು ಬರಿಯ ಅಕ್ಷರಗಳಾಗಿ ಸಂಗ್ರಹಿಸಿದರಂತೂ 05-04-2025 ಎಂಬುದು 31-03-2025ಕ್ಕಿಂತ ಮುಂಚೆ ಬಂದು ಕೂರುತ್ತದೆ. ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ ಬರೆದರೆ ಈ ಎರಡು ಗೊಂದಲಗಳೂ ಇಲ್ಲ.

ಇವೆಲ್ಲ ತಂತ್ರಾಂಶದ ದೋಷಗಳಾದವು. ಇದಕ್ಕಿಂತ ದೊಡ್ಡ ಪ್ರಶ್ನೆ ವ್ಯಾಪಾರಿಯದೇ: ಯಾವ ದಿನಾಂಕದ ಮೇಲೆ ಆರಿಸಬೇಕು? ಒಂದು ಖರೀದಿಗೆ ಬಿಲ್ಲಿನ ದಿನಾಂಕ, ಸರಕು ತಲುಪಿದ ದಿನಾಂಕ, ಪುಸ್ತಕದಲ್ಲಿ ನಮೂದಿಸಿದ ದಿನಾಂಕ ಎಂದು ಮೂರು ಇರುತ್ತವೆ. ಸರಬರಾಜುದಾರರಿಗೆ 180 ದಿನಗಳೊಳಗೆ ಹಣ ಸಲ್ಲದಿದ್ದರೆ ಪಡೆದ ಹುಟ್ಟುವಳಿ ತೆರಿಗೆಯನ್ನು ಹಿಂದಿರುಗಿಸಬೇಕೆಂಬ ಜಿಎಸ್‌ಟಿ ನಿಯಮಕ್ಕೆ ಬಿಲ್ಲಿನ ದಿನಾಂಕವೇ ಆಧಾರ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯಲ್ಲಿ ಹಾಗಲ್ಲ. ಅಲ್ಲಿ ಸರಕು ಸ್ವೀಕರಿಸಿದ ದಿನದಿಂದ ಎಣಿಕೆ ನಡೆಯುತ್ತದೆ: ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಅದರಲ್ಲಿ ಹೇಳಿದಷ್ಟು, ಆದರೆ 45 ದಿನ ಮೀರುವಂತಿಲ್ಲ.

2023-24ರ ಲೆಕ್ಕವರ್ಷದಿಂದ ಆದಾಯ ತೆರಿಗೆಗೂ ಈ ಅವಧಿಯ ನಂಟು ಬೆಸೆಯಿತು. ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಿಗೆ ಅವಧಿಯೊಳಗೆ ಹಣ ಕೊಡದಿದ್ದರೆ, ಆ ವೆಚ್ಚವನ್ನು ಕೊಟ್ಟ ವರ್ಷದಲ್ಲಿ ಮಾತ್ರ ಕಳೆಯಲು ಅವಕಾಶ. ಮಾರ್ಚ್ 8, 2024ರ ಬಿಲ್ಲಿನ ಸರಕು 18ರಂದು ತಲುಪಿ ಸ್ವೀಕೃತವಾಯಿತು, ಒಪ್ಪಂದವಿರಲಿಲ್ಲ, ಏಪ್ರಿಲ್ 1ರಂದು ಹಣ ಪಾವತಿಯಾಯಿತು ಎಂದಿಟ್ಟುಕೊಳ್ಳಬಹುದು. ಬಿಲ್ಲಿನ ದಿನಾಂಕದಿಂದ ಆರಿಸಿದ ಪಟ್ಟಿಯಲ್ಲಿ ಗಡುವು ಮಾರ್ಚ್ 23ಕ್ಕೇ ಮುಗಿದು, ವೆಚ್ಚವು ಆ ವರ್ಷದ ಲಾಭದಿಂದ ಕಳೆಯದೆ ಉಳಿಯುತ್ತದೆ. ನಿಜವಾದ ಗಡುವು ಏಪ್ರಿಲ್ 2. ಪಾವತಿ ಅದರೊಳಗೇ ಆಗಿರುವುದರಿಂದ ವೆಚ್ಚ 2023-24ಕ್ಕೇ ಸಲ್ಲುತ್ತದೆ. ಕೊಡಬೇಕಾಗಿಲ್ಲದ ತೆರಿಗೆಯನ್ನು ತಪ್ಪು ಪಟ್ಟಿ ಕೊಡಿಸಿಬಿಡುತ್ತದೆ.

ಟ್ಯಾಲಿಯಲ್ಲಿ ಆಲ್ಟ್ ಮತ್ತು ಎಫ್2 ಒತ್ತಿ ಅವಧಿ ಬದಲಿಸುವುದು ಎಲ್ಲರಿಗೂ ಗೊತ್ತು. ಆ ಅವಧಿ ಅನ್ವಯಿಸುವುದು ವೋಚರಿನ ದಿನಾಂಕಕ್ಕೆ. ಖರೀದಿ ವೋಚರಿನಲ್ಲಿ ಸರಬರಾಜುದಾರರ ಇನ್‌ವಾಯ್ಸ್ ದಿನಾಂಕಕ್ಕೆ ಪ್ರತ್ಯೇಕ ಸ್ಥಳವಿದ್ದರೂ ಎಂಟರ್ ಒತ್ತುತ್ತಾ ಅದನ್ನು ದಾಟಿಹೋಗುವ ರೂಢಿ ನಮ್ಮ ಕಚೇರಿಗಳಲ್ಲಿದೆ. ಸರಕು ತಲುಪಿದ ದಿನವನ್ನು ಗೋದಾಮಿನವನು ಚಲನ್ನಿನ ಮೇಲೆ ಬರೆದು ಮುದ್ರೆಯೊತ್ತಿ ಕಳುಹಿಸಿದರೆ ಮಾತ್ರ ಲೆಕ್ಕದವನು ಅದನ್ನು ನಮೂದಿಸಲು ಸಾಧ್ಯ. ಬರೆಯದೆ ಉಳಿದ ದಿನಾಂಕವನ್ನು ಯಾವ ತಂತ್ರಾಂಶವೂ ಆರಿಸಿ ಕೊಡಲಾರದು. ಆದ್ದರಿಂದ ಈ ಏರ್ಪಾಡು ಗೋದಾಮಿನ ಬಾಗಿಲಿನಿಂದಲೇ ಆರಂಭವಾಗಬೇಕು.